ಬಿಂಬುಳಿಯೋ ರಾಜನೆಲ್ಲಿಯೋ: ಎಲೆ ಯಾವುದು, ಕಡ್ಡಿ ಯಾವುದು ಎಂದು ತಿಳಿಯುವುದು ಹೇಗೆ?

ಬಾವಿಕಟ್ಟೆ (ಕಟಪಾಡಿ, ಉಡುಪಿ)

ನಮ್ಮ ಹಿತ್ತಲಿನ ಬಾವಿಯ ಪಕ್ಕದಲ್ಲಿ ಈ ಮಳೆಗಾಲದಲ್ಲಿ ಎರಡು ಸಸಿಗಳು ತಾವಾಗಿ ಹುಟ್ಟಿಕೊಂಡಿವೆ. ಎರಡೂ ಮೊಣಕಾಲಿಗಿಂತ ಸ್ವಲ್ಪ ಎತ್ತರವಾಗಿದ್ದು, ತುದಿಯಲ್ಲಿ ಉದ್ದನೆಯ ದಂಡುಗಳನ್ನು ಸುತ್ತಲೂ ಚಾಚಿವೆ. ಪ್ರತಿಯೊಂದು ದಂಡಿನ ಎರಡೂ ಬದಿಗಳಲ್ಲಿ ಎಲೆಗಳು ಸಾಲಾಗಿ ಜೋಡಿಸಿದಂತೆ ಇವೆ. ನೆರೆಮನೆಯವರು ಎರಡೂ ಬಿಂಬುಳಿ ಎನ್ನುತ್ತಾರೆ, ನಮ್ಮ ಅತ್ತೆಯವರು ಎರಡೂ ರಾಜನೆಲ್ಲಿ ಎನ್ನುತ್ತಾರೆ. ಹೂವಾಗಲಿ ಕಾಯಾಗಲಿ ಬರಲು ಇನ್ನೂ ಕೆಲವು ವರ್ಷಗಳು ಬೇಕು. ಆದರೆ ಬೇರು ಬಾವಿಯ ಕಲ್ಲಿಗೆ ತಾಗುವ ಮೊದಲೇ ಸಸಿಗಳನ್ನು ಬೇರೆ ಕಡೆ ನೆಡಬೇಕಾಗಿರುವುದರಿಂದ ಯಾವುದು ಯಾವುದೆಂದು ಈಗಲೇ ತಿಳಿಯುವುದು ಅಗತ್ಯವಾಗಿದೆ.

ಬಿಂಬುಳಿಯದು ಸಂಯುಕ್ತ ಎಲೆ (ಒಂದೇ ಎಲೆ ಹಲವು ಕಿರುಎಲೆಗಳಾಗಿ ಒಡೆದದ್ದು), ರಾಜನೆಲ್ಲಿಯದು ಸರಳ ಎಲೆ (ಹಾಗೆ ಒಡೆಯದ ಎಲೆ) ಎಂದು ಓದಿದ್ದೇನೆ. ಆದರೆ ಕಣ್ಣಿಗೆ ಎರಡೂ ಒಂದೇ ರೀತಿ ಕಾಣುವಾಗ ಆ ಮಾತು ನನಗೆ ಉಪಯೋಗಕ್ಕೆ ಬರುತ್ತಿಲ್ಲ. ಅಂಗಳದ ಕಳೆಗಳಾದ ನೆಲನೆಲ್ಲಿ ಮತ್ತು ನಾಚಿಕೆಮುಳ್ಳಿನ ವಿಷಯದಲ್ಲಿಯೂ ಇದೇ ಗೊಂದಲವಿದೆ. ಒಂದು ಹಸುರು ತುಂಡನ್ನು ಕೈಯಲ್ಲಿ ಹಿಡಿದಾಗ ಅದು ಒಂದು ಎಲೆಯೋ ಅಥವಾ ಹಲವು ಎಲೆಗಳನ್ನು ಹೊತ್ತ ಕಡ್ಡಿಯೋ ಎಂದು ನಿರ್ಧರಿಸುವ ಖಚಿತವಾದ ಕ್ರಮವನ್ನು ಯಾರಾದರೂ ವಿವರಿಸಬಹುದೇ?

ಇನ್ನೊಂದು ವಿಷಯ. ಮಲ್ಲಿಗೆಯ ಪಾತಿಯಲ್ಲಿ ಹುಲ್ಲಿನಂಥ ಒಂದು ಕಳೆ ಬೆಳೆಯುತ್ತಿದ್ದು, ಕಿತ್ತಷ್ಟೂ ಮತ್ತೆ ಚಿಗುರುತ್ತದೆ. ಅದು ಗರಿಕೆಯಂತೆ ನೆಲದ ಮೇಲೆ ಹರಡುವುದಿಲ್ಲ, ನೆಟ್ಟಗೆ ನಿಲ್ಲುತ್ತದೆ.

ಸಸ್ಯಪಾಠ (ಕುಲಶೇಖರ, ಮಂಗಳೂರು)

ಈ ಪ್ರಶ್ನೆಗೆ ಉತ್ತರ ಎಲೆಯ ಆಕಾರದಲ್ಲಿಲ್ಲ, ಎಲೆ ಕಾಂಡಕ್ಕೆ ಸೇರುವ ಜಾಗದಲ್ಲಿದೆ. ಎಲೆಯ ತೊಟ್ಟು ಮತ್ತು ಕಾಂಡದ ನಡುವಿನ ಮೇಲ್ಬದಿಯ ಮೂಲೆಯನ್ನು ಕಂಕುಳು ಎನ್ನುತ್ತೇವೆ. ಹೂ ಬಿಡುವ ಸಸ್ಯಗಳಲ್ಲಿ ಎಲೆಯ ಕಂಕುಳಿನಲ್ಲಿ ಒಂದು ಮೊಗ್ಗು ಇರುವುದು ನಿಯಮ. ಅದು ಮುಂದೆ ಕೊಂಬೆಯಾಗಬಹುದು, ಹೂವಾಗಬಹುದು ಅಥವಾ ವರ್ಷಗಟ್ಟಲೆ ಸುಮ್ಮನೆ ಉಳಿಯಬಹುದು. ಕಿರುಎಲೆಯ ಕಂಕುಳಿನಲ್ಲಿ ಮಾತ್ರ ಮೊಗ್ಗು ಇರುವುದಿಲ್ಲ, ಏಕೆಂದರೆ ಕಿರುಎಲೆಯೆಂಬುದು ಒಂದು ಎಲೆಯ ಭಾಗವೇ ಹೊರತು ಸ್ವತಂತ್ರವಾದ ಎಲೆಯಲ್ಲ. ಆದ್ದರಿಂದ ಮೊಗ್ಗು ಎಲ್ಲಿದೆಯೋ ಅಲ್ಲಿಂದ ಮುಂದಕ್ಕೆ ಇರುವುದೆಲ್ಲ ಸೇರಿ ಒಂದು ಎಲೆ.

ಅಡುಗೆಮನೆಯಲ್ಲಿಯೇ ಇದನ್ನು ಪರೀಕ್ಷಿಸಬಹುದು. ಒಗ್ಗರಣೆಗೆ ಕಿತ್ತು ತರುವ ಒಂದು ಎಸಳು ಕರಿಬೇವು ಇಡಿಯಾಗಿ ಒಂದೇ ಎಲೆ. ಅದರ ದಂಡಿನ ಬುಡ ಗಿಡಕ್ಕೆ ಅಂಟಿದ್ದ ಜಾಗದ ಮೇಲ್ಬದಿಯನ್ನು ನೋಡಿದರೆ ಮೊಗ್ಗು ಕಾಣುತ್ತದೆ. ಆದರೆ ದಂಡಿನ ಮೇಲಿರುವ ಒಂದೊಂದು ಕಿರುಎಲೆಯ ಬುಡವನ್ನೂ ಹುಡುಕಿದರೆ ಎಲ್ಲಿಯೂ ಮೊಗ್ಗು ಸಿಗುವುದಿಲ್ಲ. ನುಗ್ಗೆಯಲ್ಲಿ ಇದು ಇನ್ನೂ ಮುಂದುವರಿದಿದೆ. ಅಲ್ಲಿ ದಂಡು ಮತ್ತೆ ಮತ್ತೆ ಕವಲೊಡೆದು ಸಣ್ಣ ಕೊಂಬೆಯಷ್ಟು ದೊಡ್ಡದಾಗಿ ಕಂಡರೂ ಅದೆಲ್ಲವೂ ಒಂದು ಎಲೆಯೇ, ಆದುದರಿಂದಲೇ ಹಳತಾದಾಗ ದಂಡು ಸಮೇತ ಕಳಚಿ ಬಿದ್ದು ಕಾಂಡದ ಮೇಲೆ ಒಂದು ಗುರುತನ್ನು ಉಳಿಸುತ್ತದೆ.

ಈಗ ನಿಮ್ಮ ಸಸಿಗಳಿಗೆ ಬರುತ್ತೇನೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ರಾಜನೆಲ್ಲಿಯ ಎಲೆಗಳು ಸರಳ ಎಲೆಗಳೇ ಆದರೂ ಅವುಗಳ ಕಂಕುಳಿನ ಮೊಗ್ಗುಗಳು ಬಹಳ ಸಣ್ಣವಾಗಿರುವುದರಿಂದ, ಬರಿಗಣ್ಣಿಗೆ ಮೊಗ್ಗು ಕಾಣಲಿಲ್ಲವೆಂಬ ಒಂದೇ ಕಾರಣದಿಂದ ಅದನ್ನು ಬಿಂಬುಳಿಯೆಂದು ತೀರ್ಮಾನಿಸಬಾರದು. ಇನ್ನೂ ಮೂರು ಕಡೆ ನೋಡಿ.

ಮೊದಲಿಗೆ ದಂಡಿನ ತುದಿ. ಬಿಂಬುಳಿಯ ದಂಡು ಒಂಟಿ ಕಿರುಎಲೆಯಲ್ಲಿ ಕೊನೆಗೊಳ್ಳುತ್ತದೆ, ಅದಕ್ಕಿಂತ ಮುಂದೆ ಬೆಳವಣಿಗೆಯಿಲ್ಲ. ರಾಜನೆಲ್ಲಿಯದು ನಿಜವಾದ ಕಡ್ಡಿಯಾದ್ದರಿಂದ ಎಳೆಯದಾಗಿರುವಾಗ ಅದರ ತುದಿಯಲ್ಲಿ ಚಿಗುರು ಇರುತ್ತದೆ. ಬುಡದ ಎಲೆಗಳು ಬಲಿತು ತುದಿಯ ಎಲೆಗಳು ಇನ್ನೂ ಬಿಚ್ಚಿಕೊಳ್ಳುತ್ತಿರುವುದು ಕಾಣುತ್ತದೆ. ಎರಡನೆಯದಾಗಿ ಎಲೆಯ ಬುಡ. ರಾಜನೆಲ್ಲಿಯಲ್ಲಿ ಪ್ರತಿ ಎಲೆಯ ತೊಟ್ಟಿನ ಇಕ್ಕೆಲಗಳಲ್ಲಿ ಹುರುಪೆಯಂಥ ಎರಡು ಸಣ್ಣ ಉಪಪರ್ಣಗಳಿರುತ್ತವೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರದಲ್ಲಿ ಇವು ಸ್ಪಷ್ಟವಾಗಿ ಕಾಣುತ್ತವೆ. ಬಿಂಬುಳಿಯ ಕಿರುಎಲೆಗಳ ಬುಡದಲ್ಲಿ ಅಂಥದ್ದೇನೂ ಇಲ್ಲ. ಮೂರನೆಯದು ಕೈಗೆ ತಿಳಿಯುವ ಗುರುತು: ಬಿಂಬುಳಿಯ ಎಳೆಯ ಭಾಗಗಳ ಮೇಲೆ ಮೃದುವಾದ ರೋಮವಿರುತ್ತದೆ, ರಾಜನೆಲ್ಲಿ ನುಣುಪು.

ರಾಜನೆಲ್ಲಿ, ಬೆಟ್ಟದನೆಲ್ಲಿ ಮತ್ತು ನಿಮ್ಮ ಅಂಗಳದ ನೆಲನೆಲ್ಲಿ ಈ ಮೂರೂ ಫಿಲಾಂಥಸ್ ಕುಲಕ್ಕೆ ಸೇರಿದ ಗಿಡಗಳಾಗಿದ್ದು, ಮೂರರಲ್ಲಿಯೂ ಕಡ್ಡಿಯೇ ಎಲೆಯಂತೆ ವರ್ತಿಸುತ್ತದೆ. ಮುಖ್ಯ ಕಾಂಡದ ಎಲೆಗಳು ಕುಗ್ಗಿ ಬರಿಯ ಹುರುಪೆಗಳಾಗಿರುತ್ತವೆ. ಆ ಹುರುಪೆಯ ಕಂಕುಳಿನಿಂದ ತೆಳ್ಳನೆಯ ಕಡ್ಡಿ ಹೊರಟು, ಎರಡು ಸಾಲಿನಲ್ಲಿ ಎಲೆಗಳನ್ನು ಹೊತ್ತು, ಅವಧಿ ಮುಗಿದ ಮೇಲೆ ಎಲೆ ಉದುರಿಸಿದಂತೆ ಇಡೀ ಕಡ್ಡಿಯೇ ಉದುರಿಹೋಗುತ್ತದೆ. ಬೆಟ್ಟದನೆಲ್ಲಿ ಮರದ ಅಡಿಯನ್ನು ಗುಡಿಸಿದವರಿಗೆಲ್ಲ ಆ ಸಣ್ಣ ಕಡ್ಡಿಗಳ ಪರಿಚಯವಿದೆ. ಒಂದು ಎಲೆ ಮಾಡುವ ಕೆಲಸವನ್ನೆಲ್ಲ ಒಂದು ಕಡ್ಡಿ ಮಾಡುವ ಈ ವ್ಯವಸ್ಥೆ ನನಗೆ ಸಸ್ಯಲೋಕದ ಅತ್ಯಂತ ಸುಂದರವಾದ ಸಂಗತಿಗಳಲ್ಲಿ ಒಂದೆಂದು ಅನ್ನಿಸುತ್ತದೆ.

ನೆಲನೆಲ್ಲಿಯ ಒಂದು ಕಡ್ಡಿಯನ್ನು ಮಗುಚಿ ನೋಡಿ. ಪ್ರತಿ ಎಲೆಯ ಕಂಕುಳಿನಿಂದಲೂ ಹೂವು ಅಥವಾ ಸಾಸಿವೆಗಿಂತ ತುಸು ದಪ್ಪನೆಯ ಕಾಯಿ ಕೆಳಕ್ಕೆ ಇಳಿದಿರುತ್ತದೆ. ಕಂಕುಳಿನಲ್ಲಿ ಹೂವಿದೆಯೆಂದರೆ ಅದು ಎಲೆಯೇ ಸರಿ, ಕಿರುಎಲೆಯಲ್ಲ. ನಾಚಿಕೆಮುಳ್ಳಿನಲ್ಲಿ ಹಾಗಲ್ಲ. ಅಲ್ಲಿ ಗುಲಾಬಿ ಬಣ್ಣದ ಹೂಚೆಂಡು ಏಳುವುದು ಉದ್ದನೆಯ ತೊಟ್ಟು ಕಾಂಡಕ್ಕೆ ಸೇರುವ ಕಂಕುಳಿನಿಂದ. ಆ ತೊಟ್ಟಿನ ತುದಿಯಲ್ಲಿ ಸಾಮಾನ್ಯವಾಗಿ ನಾಲ್ಕು ಕವಲುಗಳಿದ್ದು, ಕವಲುಗಳ ಮೇಲಿನ ಹತ್ತಾರು ಜೋಡಿ ಕಿರುಎಲೆಗಳೂ ಸೇರಿ ಅದು ಒಂದೇ ಎಲೆ. ಮುಟ್ಟಿದಾಗ ಮಡಚಿಕೊಳ್ಳುವ ಕ್ರಿಯೆಯಲ್ಲಿಯೂ ಈ ರಚನೆಯನ್ನು ಕಾಣಬಹುದು. ಕಿರುಎಲೆಯ ಬುಡ, ಕವಲಿನ ಬುಡ ಮತ್ತು ತೊಟ್ಟಿನ ಬುಡ ಹೀಗೆ ಮೂರು ಹಂತಗಳಲ್ಲಿ ಉಬ್ಬಿದ ಕೀಲುಗಳಿವೆ. ಸ್ಪರ್ಶವಾದಾಗ ಕೀಲಿನ ಒಂದು ಬದಿಯ ಜೀವಕೋಶಗಳಿಂದ ಪೊಟ್ಯಾಸಿಯಂ ಹೊರಹೋಗುತ್ತದೆ, ಅದರ ಹಿಂದೆಯೇ ನೀರೂ ಹೋಗುತ್ತದೆ, ಬಿಗಿ ಕಳೆದುಕೊಂಡ ಆ ಬದಿಗೆ ಎಲೆ ಮಡಚುತ್ತದೆ. ಮೆಲ್ಲಗೆ ಮುಟ್ಟಿದರೆ ಕಿರುಎಲೆಗಳು ಮಾತ್ರ ಮುಚ್ಚುತ್ತವೆ, ಜೋರಾಗಿ ತಾಗಿಸಿದರೆ ಇಡೀ ತೊಟ್ಟೇ ಕೆಳಗೆ ಬಾಗುತ್ತದೆ.

ಗದ್ದೆಬದು (ಬ್ರಹ್ಮಾವರ)

ಮಲ್ಲಿಗೆಯ ಪಾತಿಯಲ್ಲಿರುವುದು ವಿವರಣೆಯಿಂದ ಜೇಕಿನ ಹಾಗೆ ಕಾಣುತ್ತದೆ. ಶಂಕರಪುರದ ಸುತ್ತಮುತ್ತ ಮಲ್ಲಿಗೆ ಬೆಳೆಯುವವರಿಗೆಲ್ಲ ಇದು ಪರಿಚಿತವಾದ ಕಾಟ. ಖಚಿತಪಡಿಸಿಕೊಳ್ಳಲು ಹೂವಿನ ಗೊಂಚಲನ್ನು ಹೊತ್ತ ಕಾಂಡವನ್ನು ಎರಡು ಬೆರಳುಗಳ ನಡುವೆ ಹಿಡಿದು ಹೊರಳಿಸಿ. ಜೇಕಿನ ಕಾಂಡಕ್ಕೆ ಮೂರು ಏಣುಗಳಿರುವುದರಿಂದ ಅದು ಸಲೀಸಾಗಿ ಹೊರಳುವುದಿಲ್ಲ. ಅಡ್ಡ ಕತ್ತರಿಸಿದರೆ ಒಳಗೆ ತುಂಬಿಕೊಂಡ ತ್ರಿಕೋನ ಕಾಣುತ್ತದೆ. ಹುಲ್ಲಿನ ಕಾಂಡ ಸಾಮಾನ್ಯವಾಗಿ ದುಂಡಗೆ, ಗೆಣ್ಣುಗಳ ನಡುವೆ ಟೊಳ್ಳಾಗಿರುತ್ತದೆ. ಹುಲ್ಲಿನ ಎಲೆಗಳು ಎರಡು ಸಾಲಿನಲ್ಲಿದ್ದರೆ ಜೇಕಿನವು ಮೂರು ಸಾಲಿನಲ್ಲಿವೆ. ಮೇಲಿನಿಂದ ನೇರವಾಗಿ ನೋಡಿದಾಗ ಇದು ತಿಳಿಯುತ್ತದೆ.

ಈ ವ್ಯತ್ಯಾಸ ತಿಳಿದಿರಬೇಕಾದುದು ಹೆಸರಿಗಾಗಿ ಮಾತ್ರವಲ್ಲ. ಗರಿಕೆ ನೆಲದ ಮೇಲೆ ಓಡುವ ಕಾಂಡದ ಗೆಣ್ಣುಗಳಲ್ಲಿ ಬೇರುಬಿಡುತ್ತದೆ, ನೆಲದಡಿಯಲ್ಲಿಯೂ ಹಬ್ಬುತ್ತದೆ. ಆದರೆ ಅದಕ್ಕೆ ಗೆಡ್ಡೆಗಳಿಲ್ಲ. ಜೇಕು ಮಣ್ಣಿನೊಳಗೆ ತೆಳುವಾದ ಕಾಂಡಗಳಿಂದ ಒಂದಕ್ಕೊಂದು ಜೋಡಿಸಿದ ಕಪ್ಪು ಗೆಡ್ಡೆಗಳ ಸರವನ್ನೇ ಮಾಡಿಕೊಂಡಿರುತ್ತದೆ. ಕೊನ್ನಾರಿಗೆಡ್ಡೆ, ಭದ್ರಮುಷ್ಟಿ ಎಂದು ಗಂಧಿಗೆ ಅಂಗಡಿಯಲ್ಲಿ ಸಿಗುವ ಪರಿಮಳದ ಗೆಡ್ಡೆ ಇದೇ. ಮೇಲಿನ ಹಸುರನ್ನು ಕಿತ್ತಾಗ ಸರ ತುಂಡಾಗಿ, ಅದುವರೆಗೆ ನಿದ್ರಿಸುತ್ತಿದ್ದ ಗೆಡ್ಡೆಗಳ ಮೊಗ್ಗುಗಳು ಚಿಗುರುತ್ತವೆ. ನೀವು ಕಿತ್ತಷ್ಟೂ ಅದು ಮತ್ತೆ ಬರುವುದು ಈ ಕಾರಣದಿಂದ. ಮಳೆ ಬಿಟ್ಟು ಮಣ್ಣು ಸಡಿಲವಾಗಿರುವಾಗ ಸಣ್ಣ ಗುದ್ದಲಿಯಿಂದ ಗೆಡ್ಡೆ ಸಮೇತ ಅಗೆದು ತೆಗೆಯಿರಿ. ಜೇಕಿಗೆ ನೆರಳು ಆಗದು, ಆದ್ದರಿಂದ ಮಲ್ಲಿಗೆಯ ಬುಡವನ್ನು ಬಿಟ್ಟು ಉಳಿದ ಜಾಗಕ್ಕೆ ತರಗೆಲೆಯ ದಪ್ಪನೆಯ ಮುಚ್ಚಿಗೆ ಹಾಕುತ್ತ ಬಂದರೆ ಅದರ ಬಲ ಕುಗ್ಗುತ್ತದೆ. ಒಂದೇ ವರ್ಷದಲ್ಲಿ ಪೂರ್ತಿ ಹೋಗುತ್ತದೆಂದು ನಿರೀಕ್ಷಿಸಬೇಡಿ.

ಬಾವಿಕಟ್ಟೆ (ಕಟಪಾಡಿ, ಉಡುಪಿ)

ಇಬ್ಬರಿಗೂ ಕೃತಜ್ಞತೆಗಳು. ಸಸಿಗಳನ್ನು ನೋಡಿದೆ. ಒಂದರ ದಂಡುಗಳೆಲ್ಲವೂ ಒಂಟಿ ಕಿರುಎಲೆಯಲ್ಲಿ ಮುಗಿಯುತ್ತವೆ, ಮುಟ್ಟಿದರೆ ರೋಮ ತಿಳಿಯುತ್ತದೆ. ಇನ್ನೊಂದರ ಕಡ್ಡಿಗಳ ತುದಿಯಲ್ಲಿ ಚಿಗುರಿದೆ, ಎಲೆಯ ಬುಡದಲ್ಲಿ ಹುರುಪೆಗಳೂ ಇವೆ. ಮೊದಲನೆಯದನ್ನು ಬಿಂಬುಳಿಯೆಂದೂ ಎರಡನೆಯದನ್ನು ರಾಜನೆಲ್ಲಿಯೆಂದೂ ತಿಳಿದುಕೊಂಡಿದ್ದೇನೆ.

ನೆಲನೆಲ್ಲಿಯನ್ನು ಮಗುಚಿ ನೋಡಿದಾಗ ಹೊಸ ಸಂದೇಹ ಹುಟ್ಟಿದೆ. ಕೆಲವು ಗಿಡಗಳ ಕಾಯಿ ನುಣುಪಾಗಿ ಸಣ್ಣ ತೊಟ್ಟಿನಿಂದ ತೂಗುತ್ತಿದ್ದರೆ, ಕೆಲವು ಗಿಡಗಳಲ್ಲಿ ಕಾಯಿ ಕಡ್ಡಿಗೆ ಅಂಟಿಕೊಂಡಂತಿದ್ದು ಒರಟಾಗಿದೆ, ಕಾಂಡವೂ ಕೆಂಪಗಿದೆ. ಮನೆಯ ಹಿರಿಯರು ಎರಡನ್ನೂ ನೆಲನೆಲ್ಲಿ ಎಂದೇ ಕರೆಯುತ್ತಾರೆ.

ಸಸ್ಯಪಾಠ (ಕುಲಶೇಖರ, ಮಂಗಳೂರು)

ನಿಮ್ಮ ಗಮನಿಕೆ ಸರಿಯಾಗಿದೆ, ಅವು ಎರಡು ಬೇರೆ ಜಾತಿಗಳು. ನುಣುಪು ಕಾಯಿಯದು ಫಿಲಾಂಥಸ್ ಅಮಾರಸ್, ತೊಟ್ಟಿಲ್ಲದಂತೆ ಕಾಣುವ ಒರಟು ಕಾಯಿಯದು ಫಿಲಾಂಥಸ್ ಯೂರಿನೇರಿಯ. ಔಷಧಕ್ಕಾಗಿ ಬಳಸುವ ವಿಚಾರವಿದ್ದರೆ ವೈದ್ಯರಿಗೆ ಗಿಡವನ್ನು ಬೇರು, ಕಾಯಿ ಸಮೇತ ತೋರಿಸಿಯೇ ಮುಂದುವರಿಯಿರಿ.

ಗಿಡಗಳನ್ನು ರಚನೆಯಿಂದ ಗುರುತಿಸುವುದು ನಮ್ಮ ಜಿಲ್ಲೆಗಳಲ್ಲಿ ಕೇವಲ ಆಸಕ್ತಿಯ ವಿಷಯವಲ್ಲವೆಂದು ಈ ಸಂದರ್ಭದಲ್ಲಿ ಹೇಳಬೇಕೆನಿಸುತ್ತದೆ. ತುಳುನಾಡಿನ ಮಳೆಗಾಲದ ಆಟಿ ತಿಂಗಳಿನಲ್ಲಿ ನಾವು ತಜಂಕ್ (ತಗಚೆ), ತಿಮರೆ (ಒಂದೆಲಗ), ಕೆಸುವಿನ ಎಲೆಗಳನ್ನು ಹಿತ್ತಲಿನಿಂದ ಕೊಯ್ದು ತಿನ್ನುತ್ತೇವೆ. ತಜಂಕ್‌ನ ಒಂದು ಎಲೆಯಲ್ಲಿ ಸಾಮಾನ್ಯವಾಗಿ ಮೂರು ಜೋಡಿ ಕಿರುಎಲೆಗಳಿದ್ದು ಅವುಗಳ ತುದಿ ಮೊಂಡಾಗಿರುತ್ತದೆ. ಅದರ ಹತ್ತಿರದ ಸಂಬಂಧಿಯಾದ ಸೆನ್ನಾ ಆಕ್ಸಿಡೆಂಟಾಲಿಸ್‌ನಲ್ಲಿ ಜೋಡಿಗಳು ಹೆಚ್ಚು, ತುದಿ ಚೂಪು, ತೊಟ್ಟಿನ ಬುಡದಲ್ಲಿ ಒಂದು ಗ್ರಂಥಿಯಿರುತ್ತದೆ. ಇವೆರಡನ್ನು ಬೇರೆ ಮಾಡಿ ಕೊಯ್ಯುವುದು ಅಗತ್ಯ.

ಇದಕ್ಕಿಂತ ಬಹಳ ಗಂಭೀರವಾದುದು ಆಟಿ ಅಮಾವಾಸ್ಯೆಯಂದು ಕುಡಿಯುವ ಹಾಲೆಮರದ (ಸಪ್ತಪರ್ಣಿಯ) ತೊಗಟೆಯ ಕಷಾಯ. ಸೂರ್ಯೋದಯಕ್ಕೆ ಮೊದಲೇ, ಕತ್ತಲಿನಲ್ಲಿ, ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯುವ ಪದ್ಧತಿಯಿರುವುದರಿಂದ ಮರ ತಪ್ಪಿಹೋಗುವ ಅಪಾಯವಿದೆ. ಸ್ಟ್ರಿಕ್ನಿನ್ ಎಂಬ ಘೋರ ವಿಷವಿರುವ ಕಾಸರಕವೂ ನಮ್ಮ ಗುಡ್ಡಗಳಲ್ಲಿ ಧಾರಾಳವಾಗಿ ಬೆಳೆಯುತ್ತದೆ. ಹಾಲೆಯಲ್ಲಿ ಒಂದೊಂದು ಗೆಣ್ಣಿನಲ್ಲಿ ನಾಲ್ಕರಿಂದ ಏಳು ಎಲೆಗಳು ಸುತ್ತಾಗಿ ಹೊರಡುತ್ತವೆ, ಎಲೆಯ ನಡುನರದಿಂದ ಎರಡೂ ಬದಿಗೆ ಹಲವಾರು ನರಗಳು ಸಮಾನಾಂತರವಾಗಿ ಸಾಗುತ್ತವೆ, ಗಾಯ ಮಾಡಿದರೆ ಹಾಲು ಸುರಿಯುತ್ತದೆ. ಕಾಸರಕದಲ್ಲಿ ಎಲೆಗಳು ಗೆಣ್ಣಿಗೆ ಎರಡರಂತೆ ಎದುರುಬದುರಾಗಿವೆ, ಎಲೆಯ ಬುಡದ ಬಳಿಯಿಂದಲೇ ಮೂರರಿಂದ ಐದು ಮುಖ್ಯ ನರಗಳು ತುದಿಯ ಕಡೆ ಬಾಗಿ ಸಾಗುತ್ತವೆ, ಹಾಲು ಇಲ್ಲ.

ಹಾಲು ಬಂದರೆ ಸಾಕು, ಅದು ಹಾಲೆಯೇ ಎಂಬ ನಂಬಿಕೆಯನ್ನು ಕೆಲವರಲ್ಲಿ ಕಂಡಿದ್ದೇನೆ. ಅದು ಸಾಲದು. ಹೊಳೆಯ ದಡಗಳಲ್ಲಿ ಬೆಳೆಯುವ ಸೆರ್ಬೆರಾ ಓಡೊಲ್ಲಮ್ ಕೂಡ ಹಾಲೆಯದೇ ಕುಟುಂಬಕ್ಕೆ ಸೇರಿದ್ದು, ಅದರಲ್ಲಿಯೂ ಬಿಳಿ ಹಾಲಿದೆ, ಅದೂ ಪ್ರಾಣಾಂತಿಕ ವಿಷ. ಅದರ ಎಲೆಗಳು ಕೊಂಬೆಯ ತುದಿಯಲ್ಲಿ ಒತ್ತೊತ್ತಾಗಿರುವುದರಿಂದ ಸುತ್ತಾಗಿರುವಂತೆ ತೋರಿದರೂ, ಬುಡಗಳನ್ನು ಹತ್ತಿರದಿಂದ ನೋಡಿದರೆ ಒಂದೊಂದು ಎಲೆಯೂ ಬೇರೆ ಬೇರೆ ಮಟ್ಟದಲ್ಲಿ ಸುರುಳಿಯಾಗಿ ಏರುತ್ತ ಹೋಗಿರುವುದು ತಿಳಿಯುತ್ತದೆ. ಹಾಲೆಯಲ್ಲಿ ಒಂದು ಸುತ್ತಿನ ಎಲೆಗಳೆಲ್ಲ ಒಂದೇ ಗೆಣ್ಣಿನಿಂದ, ಒಂದೇ ಮಟ್ಟದಿಂದ ಹೊರಡುತ್ತವೆ.

ಗದ್ದೆಬದು (ಬ್ರಹ್ಮಾವರ)

ನಮ್ಮ ಕಡೆಯ ಹಳೆಯ ಹಾಲೆಮರಗಳ ಕೊಂಬೆಗಳು ಕೈಗೆ ಎಟುಕುವುದಿಲ್ಲ, ಆಟಿಯಲ್ಲಿ ಹೂವೂ ಇರುವುದಿಲ್ಲ. ಅಂಥಲ್ಲಿ ಏನನ್ನು ನೋಡಬೇಕು?

ಸಸ್ಯಪಾಠ (ಕುಲಶೇಖರ, ಮಂಗಳೂರು)

ಅಮಾವಾಸ್ಯೆಗೆ ಮೊದಲೇ ಹಗಲಿನಲ್ಲಿ ಮರದ ಬಳಿಗೆ ಹೋಗಿ ಕೊಂಬೆಗಳ ಜೋಡಣೆಯನ್ನು ಗಮನಿಸಿ. ಎಲೆಗಳು ಸುತ್ತಾಗಿರುವುದರಿಂದ ಅವುಗಳ ಕಂಕುಳಿನ ಮೊಗ್ಗುಗಳಿಂದ ಬೆಳೆದ ಕೊಂಬೆಗಳೂ ಸುತ್ತಾಗಿ, ಅಂತಸ್ತುಗಳಾಗಿ ಹೊರಟಿರುತ್ತವೆ. ಆಮೇಲೆ ಗಾಳಿಮಳೆಗೆ ಮುರಿದುಬಿದ್ದ ಒಂದು ಎಳೆಯ ಕೊಂಬೆಯನ್ನು ಹುಡುಕಿ, ಅದು ಆ ಮರದ್ದೇ ಎಂದು ಖಚಿತಪಡಿಸಿಕೊಂಡು, ಗೆಣ್ಣುಗಳನ್ನು ನೋಡಿ. ಉದುರಿದ ಬಿಡಿ ಎಲೆ ಸಾಲದು, ಅದರಲ್ಲಿ ಜೋಡಣೆ ಕಾಣುವುದಿಲ್ಲ. ಎಲೆಗಳು ಉದುರಿದ್ದರೂ ಗೆಣ್ಣಿನ ಸುತ್ತ ಅವು ಬಿಟ್ಟುಹೋದ ಗುರುತುಗಳು ಉಳಿದಿರುತ್ತವೆ. ಒಂದೇ ಮಟ್ಟದಲ್ಲಿ ಕನಿಷ್ಠ ನಾಲ್ಕು ಗುರುತುಗಳು, ಕೊಂಬೆಯ ಗಾಯದಿಂದ ಹಾಲು ಮತ್ತು ಎಲೆಯಲ್ಲಿ ಸಮಾನಾಂತರ ನರಗಳು ಈ ಮೂರೂ ಒಟ್ಟಿಗೆ ಸಿಕ್ಕಿದರೆ ಮಾತ್ರ ಆ ಮರಕ್ಕೆ ಹಗ್ಗ ಕಟ್ಟಿ ಗುರುತಿಡಿ. ಸಾಧ್ಯವಾದರೆ ಮರಗಳನ್ನು ಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಮೂರರಲ್ಲಿ ಒಂದು ತಪ್ಪಿದರೂ ಆ ಮರದ ತೊಗಟೆಯನ್ನು ತೆಗೆಯಬೇಡಿ.