ಮೇನ್ ಡಕ್ಟ್‌ನಲ್ಲಿ ಮರದ ಹೊಟ್ಟು ಕೂರುತ್ತಿದೆ: ಫ್ಯಾನ್ ದೊಡ್ಡದು ಮಾಡಲಾ, ಸೈಕ್ಲೋನ್ ಸೇರಿಸಲಾ?

ಪ್ರಶ್ನೆ:
ಎರಡು ಗರಗಸ, ಒಂದು ಪ್ಲೇನರ್, ಒಂದು ಸ್ಯಾಂಡರ್. ಹೊಟ್ಟು ಎಳೆಯಲು ನಾಲ್ಕಕ್ಕೂ 150 ಮಿ.ಮೀ. ಬ್ರಾಂಚ್ (ಕವಲು ಪೈಪ್), ಅವು ಕೂಡುವ ಮೇನ್ 350 ಮಿ.ಮೀ. ಫ್ಯಾನ್ ಗಂಟೆಗೆ 5,000 ಘನ ಮೀಟರ್ ಎಳೆಯುತ್ತದೆ. ಪಲ್ಸ್‌ಜೆಟ್ ಫಿಲ್ಟರ್‌ನಲ್ಲಿ (ಒತ್ತಡದ ಗಾಳಿ ಹೊಡೆದು ಬ್ಯಾಗ್ ಕೊಡವುವಂಥದ್ದು) 125 ಮಿ.ಮೀ. ವ್ಯಾಸ, 2.4 ಮೀ. ಉದ್ದದ 24 ಬ್ಯಾಗ್ ಇವೆ. ಮೇನ್‌ನ ತಳದಲ್ಲಿ ಹೊಟ್ಟು ಶೇಖರವಾಗುತ್ತದೆ. ಕೆಲವೇ ಗಂಟೆಗಳಲ್ಲಿ ಫಿಲ್ಟರ್‌ನ ಒತ್ತಡ ವ್ಯತ್ಯಾಸ 200 ಮಿ.ಮೀ. ನೀರಿನ ಮಟ್ಟ ದಾಟುತ್ತದೆ. ಏನು ಮಾಡಲಿ?

ಉತ್ತರ 1:
ಫ್ಯಾನ್‌ಗೆ ಕೈ ಹಾಕಬೇಡಿ ಸರ್. 350ರ ಪೈಪಿನಲ್ಲಿ 5,000 ಹರಿದರೆ ವೇಗ ಸೆಕೆಂಡಿಗೆ ಬರೀ 14.4 ಮೀ. ಮರದ ಹೊಟ್ಟು ಹಾರಿಕೊಂಡು ಹೋಗಲು 20ರ ಆಸುಪಾಸು ಬೇಕು. ಮೇನ್ ಅನ್ನು 300ಕ್ಕೆ ಇಳಿಸಿದರೆ 19.6 ಆಗುತ್ತದೆ. ದೂರದ ಮೆಷಿನ್ ಕಡೆ ಗಾಳಿ ಕಡಿಮೆ, ಹಾಗಾಗಿ ಅಲ್ಲಿ ಪೈಪನ್ನೂ ಹಂತಹಂತವಾಗಿ ಕಿರಿದು ಮಾಡಿ. ಒಂದೇ ಬ್ರಾಂಚ್ ಇರುವ ತುದಿಗೆ 150 ಸಾಕು. ಫ್ಯಾನ್ ವೇಗವನ್ನು ಶೇ 20 ಏರಿಸಿದರೆ ವಿದ್ಯುತ್ ಸುಮಾರು 1.7 ಪಟ್ಟು ಬೇಕು, ಮೋಟಾರು ಸುಟ್ಟುಹೋದೀತು.

ಬ್ರಾಂಚ್‌ಗಳು ಮೇನ್‌ಗೆ 90 ಡಿಗ್ರಿಯಲ್ಲಿ ಬಂದು ಕೂಡಿವೆಯಾ ನೋಡಿ. 30 ಡಿಗ್ರಿ ಒಳ್ಳೆಯದು, 45 ಮೀರಬಾರದು.

ಪ್ರಶ್ನೆ:
ಎಲ್ಲ ಮೆಷಿನ್ ಒಟ್ಟಿಗೆ ಓಡುವುದಿಲ್ಲ. ಓಡದ ಮೆಷಿನ್‌ಗಳ ಬ್ರಾಂಚ್ ಗೇಟ್ ಮುಚ್ಚುತ್ತೇವೆ.

ಉತ್ತರ 1:
ಅದೂ ಒಂದು ಕಾರಣ. ಗೇಟ್ ಮುಚ್ಚಿದಷ್ಟೂ ಮೇನ್‌ನಲ್ಲಿ ವೇಗ ಬೀಳುತ್ತದೆ. ಹೊಟ್ಟು ಕೂರುವುದು ನಿಲ್ಲುವವರೆಗೆ ಒಂದೆರಡು ಗೇಟ್ ತೆರೆದೇ ಇಡಿ. ಫ್ಲೆಕ್ಸಿಬಲ್ ಹೋಸ್ ಇದ್ದರೆ ಮೆಷಿನ್ ಹತ್ತಿರ ಒಂದು ಮೀಟರಿನೊಳಗೆ ಮುಗಿಸಿ.

ಉತ್ತರ 2:
ಡಕ್ಟ್ ಬದಲಿಸಿದರೂ ಫಿಲ್ಟರ್ ಸರಿಹೋಗದು. ನಿಮ್ಮ 24 ಬ್ಯಾಗ್‌ಗಳ ಬಟ್ಟೆ ಸುಮಾರು 22.6 ಚ.ಮೀ. ನಿಮಿಷಕ್ಕೆ 83 ಘನ ಮೀಟರ್ ಗಾಳಿಯನ್ನು ಅದರಿಂದ ಭಾಗಿಸಿದರೆ ಗಾಳಿ ಬಟ್ಟೆ ದಾಟುವ ವೇಗ 3.7 ಮೀ./ನಿಮಿಷ. ಸ್ಯಾಂಡರ್‌ನ ನಯವಾದ ಪುಡಿಗೆ ನಾನು 1.5 ಹಿಡಿಯುತ್ತೇನೆ, ಅಂದರೆ 56 ಚ.ಮೀ., ಇದೇ ಅಳತೆಯ 60 ಬ್ಯಾಗ್. ಈಗಿನ 3.7ರ ವೇಗದಲ್ಲಿ ಪುಡಿ ಬಟ್ಟೆಯೊಳಗೇ ನುಗ್ಗುತ್ತದೆ, ಪಲ್ಸ್ ಎಷ್ಟು ಹೊಡೆದರೂ ಬಿಡುವುದಿಲ್ಲ. ಪಲ್ಸ್‌ಗೆ 5ರಿಂದ 6 ಬಾರ್ ಒಣ ಗಾಳಿ ಇದೆಯಾ? ಕಂಪ್ರೆಸರ್ ನೀರು ಬಂದರೆ ಬ್ಯಾಗ್ ಮೇಲೆ ಹಿಟ್ಟು ಮೆತ್ತಿದಂತಾಗುತ್ತದೆ.

ಸೈಕ್ಲೋನ್ (ಗಾಳಿಯನ್ನು ಸುತ್ತಿಸಿ ಹೊಟ್ಟನ್ನು ಕೆಳಗಿನ ಡ್ರಮ್‌ಗೆ ಬೀಳಿಸುವ ಪಾತ್ರೆ) ಪ್ಲೇನರ್ ಸಿಪ್ಪೆಗೆ ಭೇಷ್, ಫಿಲ್ಟರ್‌ನ ಹೊರೆ ತಗ್ಗುತ್ತದೆ. ಸ್ಯಾಂಡರ್‌ನ ಅತಿ ನಯವಾದ ಪುಡಿ ಅದನ್ನು ದಾಟಿ ಬರುತ್ತದೆ. ಜೊತೆಗೆ ಸೈಕ್ಲೋನ್ 75ರಿಂದ 150 ಮಿ.ಮೀ. ನೀರಿನ ಮಟ್ಟದಷ್ಟು ಒತ್ತಡ ನುಂಗುತ್ತದೆ, ಈಗಿನ ಫ್ಯಾನ್‌ಗೆ ಅಷ್ಟು ಕಸುವು ಉಳಿದಿದೆಯೇ ಎಂದು ಅದರ ಗಾಳಿ-ಒತ್ತಡದ ಕರ್ವ್‌ನಲ್ಲಿ ಮೊದಲು ನೋಡಿ. ಹಾಕಿದರೆ ಕೆಳಗಿನ ಡ್ರಮ್ ಮುಚ್ಚಳ ಗಾಳಿ ಸೋರದಂತಿರಲಿ. ಅಲ್ಲಿಂದ ಗಾಳಿ ಒಳಗೆ ನುಗ್ಗಿದರೆ ಬಿದ್ದ ಹೊಟ್ಟು ಮತ್ತೆ ಮೇಲೇರುತ್ತದೆ.

ಉತ್ತರ 1:
ಇನ್ನೊಂದು. ಮರದ ಪುಡಿ ಸಿಡಿಯುವಂಥದ್ದು. ಡಕ್ಟ್ ಲೋಹದ್ದೇ ಇರಲಿ, ಪ್ರತಿ ಜೋಡಣೆಗೂ ಅರ್ಥಿಂಗ್ ತಂತಿ ಹಾಕಿ, ಬ್ಯಾಗ್ ಆಂಟಿಸ್ಟ್ಯಾಟಿಕ್ ಆಗಿರಲಿ. ಫಿಲ್ಟರ್ ಹೊರಗಡೆ ಇಟ್ಟು, ಸ್ಫೋಟದ ವೆಂಟ್ (ಸ್ಫೋಟದ ಒತ್ತಡ ಹೊರಬಿಡುವ ಕಿಂಡಿ) ಜನ ಓಡಾಡದ ಕಡೆ ತಿರುಗಿಸಿ. ವೆಂಟ್ ಅಳತೆಯನ್ನು ಅಂದಾಜಿನ ಮೇಲೆ ಹಾಕಬೇಡಿ, ಬಲ್ಲವರಿಂದ ಲೆಕ್ಕ ಹಾಕಿಸಿ.