ಸಹಾಯ ಬೇಕು: ಕಾರು ಸೈಕಲ್ ಡಿಕ್ಕಿ, ತಪ್ಪು ಯಾರದು?

ನಮಸ್ಕಾರ. ನನ್ನ ತಮ್ಮ ದಿನಾ ಬೆಳಗ್ಗೆ ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ಸೈಕಲ್ ಪ್ರಾಕ್ಟೀಸ್ ಮಾಡುತ್ತಾನೆ. ಮೊನ್ನೆ ಏಳು ಗಂಟೆ ಹೊತ್ತಿಗೆ ಒಂದು ಕಾರು ಅವನನ್ನು ದಾಟಿ, ಇಂಡಿಕೇಟರ್ ಕೂಡ ಹಾಕದೆ ತಟ್ಟನೆ ಎಡಕ್ಕೆ ತಿರುಗಿತು, ಇವನು ಅದರ ಹಿಂದಿನ ಬಾಗಿಲಿಗೆ ಬಡಿದು ಬಿದ್ದ. ಕಾಲಿನ ಮೂಳೆ ಮುರಿದಿದೆ. ಸೈಕಲ್‌ಗೆ ಲೈಟ್ ಇರಲಿಲ್ಲ, ತಪ್ಪೆಲ್ಲ ನಿಮ್ಮದೇ ಅಂತ ಕಾರಿನವರು ಹೇಳುತ್ತಿದ್ದಾರೆ. ಲೈಟ್ ಇರಲಿಲ್ಲ, ನಿಜ. ಆದರೆ ಚೆನ್ನಾಗಿ ಬೆಳಕಿತ್ತು ಅಲ್ವಾ?

ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ ಪ್ರಕಾರ 6 ತಿಂಗಳೊಳಗೆ ಪರಿಹಾರಕ್ಕೆ ಅರ್ಜಿ ಹಾಕಬೇಕು. ನಮ್ಮದೂ ಸ್ವಲ್ಪ ತಪ್ಪು ಅಂತಾದರೆ ಪರಿಹಾರ ಅಷ್ಟು ಪಾಲು ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಎಫ್‌ಐಆರ್ ಆಗಿದೆ. ಪಂಚನಾಮೆಯಲ್ಲಿ ಕಾರು ತಿರುಗಿದ ಜಾಗ ಸರಿಯಾಗಿ ಬರೆದಿಲ್ಲ, ಅದೇ ಜಾಸ್ತಿ ಚಿಂತೆ. ಎದುರಿನ ಅಂಗಡಿಯ ಸಿಸಿಟಿವಿ ದೃಶ್ಯ ಅಳಿಸಿ ಹೋಗುವ ಮುಂಚೆ ಹೇಗೆ ಪಡೆಯುವುದು? ಇಂಥ ಕೇಸು ನಡೆಸಿದ ವಕೀಲರು ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.