ಓದಿದ್ದು, ಕೇಳಿದ್ದು ಮನಸ್ಸಲ್ಲಿ ಉಳಿಯಲು ನೀವೇನು ಮಾಡುತ್ತೀರಿ?

ಪ್ರಶ್ನೆ:
ಒಳ್ಳೆಯ ಪುಸ್ತಕ ಓದಿದಾಗ, ಪಾಡ್‌ಕಾಸ್ಟ್ ಕೇಳಿದಾಗ ಇನ್ನು ಮೇಲೆ ಹೀಗೇ ಬದುಕಬೇಕು ಅನಿಸುತ್ತದೆ. ಎರಡು ದಿನಕ್ಕೆ ಎಲ್ಲ ಮರೆತಿರುತ್ತದೆ. ಆದರೆ ಒಂದು ನಿಮಿಷದ ಜಾಹೀರಾತು ನೋಡಿ ಕಣ್ಣು ತುಂಬಿ ಬರುತ್ತದೆ. ಅದನ್ನು ನಂಬಬೇಕಾ ಅನ್ನೋದೇ ಗೊಂದಲ. ನಿಮಗೆ ಯಾವುದು ಉಪಯೋಗಕ್ಕೆ ಬಂತು, ದಯವಿಟ್ಟು ಹೇಳಿ.

ಉತ್ತರ 1:
ನನಗೂ ಹೀಗೇ ಆಗುತ್ತಿತ್ತು. ಪುಸ್ತಕದಲ್ಲಿ ಗೆರೆ ಎಳೆದ ಸಾಲುಗಳು ಜಾಸ್ತಿ ಆದವು, ನಾನು ಮಾತ್ರ ಇದ್ದ ಹಾಗೇ ಇದ್ದೆ. ದಾರಿ ತೋರಿಸಿದ್ದು ರೋಮ್‌ನ ಚಕ್ರವರ್ತಿ ಮಾರ್ಕಸ್ ಅರೀಲಿಯಸ್ ಬರೆದಿಟ್ಟ ಟಿಪ್ಪಣಿಗಳು. ಆತ ಆಳಿದ್ದು ಕ್ರಿ.ಶ. 161ರಿಂದ 180ರವರೆಗೆ. ಅವನ್ನು ಗ್ರೀಕ್ ಭಾಷೆಯಲ್ಲಿ, ತನಗೋಸ್ಕರ ಬರೆದುಕೊಂಡ. ಕೆಲವನ್ನು ಬರೆದದ್ದು ಯುದ್ಧದ ಬಿಡಾರದಲ್ಲಿ. ನನಗೆ ಹಿಡಿಸಿದ್ದು ಅದರ ಮೊದಲ ಭಾಗ. ತಾತನಿಂದ ಏನು ಕಲಿತೆ, ತಾಯಿಯಿಂದ ಏನು, ಗುರುಗಳಿಂದ ಏನು ಅಂತ ಒಬ್ಬೊಬ್ಬರನ್ನೇ ನೆನೆಯುತ್ತಾ ಹೋಗುತ್ತಾನೆ. ತಾಯಿಯಿಂದ ಕಲಿತದ್ದರಲ್ಲಿ ಒಂದು, ಕೆಟ್ಟದ್ದನ್ನು ಮಾಡದೆ ಇರುವುದಷ್ಟೇ ಅಲ್ಲ, ಮನಸ್ಸಿನಲ್ಲೂ ಎಣಿಸದೆ ಇರುವುದು.

ನಾನೂ ಅಂಥದೊಂದು ಪಟ್ಟಿ ಬರೆಯಲು ಕೂತೆ. ಮೊದಲು ಬಂದದ್ದು ಹಿಂದೆ ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರ ಹೆಸರು. ಎದುರಿಗಿಲ್ಲದವರ ಬಗ್ಗೆ ಅವರು ಹಗುರವಾಗಿ ಮಾತಾಡಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ಈಗ ಯಾರ ಮೇಲಾದರೂ ಚಾಡಿ ಹೇಳಲು ಬಾಯಿ ತೆರೆದರೆ ಅವರ ಮುಖ ಕಣ್ಣ ಮುಂದೆ ಬರುತ್ತದೆ. ಓದಿದ ಮಾತು ಮರೆತುಹೋಗಬಹುದು, ಮುಖ ಮರೆಯಲ್ಲ. ನೀವೂ ಒಂದು ಪುಟ ಬರೆದು ನೋಡಿ.

ಉತ್ತರ 2:
ನಾನು ಪಾಡ್‌ಕಾಸ್ಟ್‌ಗಳನ್ನು ವೇಗ ಜಾಸ್ತಿ ಮಾಡಿ, ಒಂದರ ಹಿಂದೆ ಒಂದು ಕೇಳುತ್ತಿದ್ದೆ. ಒಂದು ದಿನ ತತ್ವಶಾಸ್ತ್ರಜ್ಞ ಪೀಟರ್ ಸಿಂಗರ್ 1972ರಲ್ಲಿ ಪ್ರಕಟಿಸಿದ ಪ್ರಬಂಧದ ಮಾತು ಬಂತು. ಆಳವಿಲ್ಲದ ಕೊಳದಲ್ಲಿ ಮಗು ಮುಳುಗುತ್ತಿದೆ. ಇಳಿದರೆ ಬಟ್ಟೆ ಕೆಸರಾಗುತ್ತದೆ, ಅಷ್ಟೇ. ಇಳಿಯುತ್ತೀರಲ್ವಾ? ಹಾಗಾದರೆ ದೂರದಲ್ಲಿ ಹಸಿವಿನಿಂದ ಸಾಯುವ ಮಗುವಿಗೆ ಯಾಕೆ ಕೈ ಚಾಚುವುದಿಲ್ಲ? ಅಲ್ಲಿಗೇ ನಿಲ್ಲಿಸಿಬಿಟ್ಟೆ. ಇಯರ್‌ಫೋನ್ ತೆಗೆದು ಸುಮ್ನೆ ನಡೆದೆ. ಆ ತಿಂಗಳಿಂದ ಸ್ವಲ್ಪ ಹಣ ತೆಗೆದಿಟ್ಟು ಕೊಡುತ್ತಿದ್ದೇನೆ. ಈಗ ದಿನಕ್ಕೆ ಒಂದೇ ಕಂತು, ಆಮೇಲೆ ಹತ್ತು ನಿಮಿಷ ಮೌನ.

ಉತ್ತರ 3:
ಜಾಹೀರಾತಿನ ಮಾತಿಗೆ ಬರುತ್ತೇನೆ. 2011ರಲ್ಲಿ ಪ್ಯಾಟಗೋನಿಯಾ ಅನ್ನುವ ಬಟ್ಟೆ ಕಂಪನಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ತನ್ನದೇ ಜಾಕೆಟ್‌ನ ಚಿತ್ರ ಹಾಕಿ, ‘ಈ ಜಾಕೆಟ್ ಕೊಳ್ಳಬೇಡಿ’ ಅಂತ ಬರೆಯಿತು. ಅದೂ ಅಮೆರಿಕದಲ್ಲಿ ಭರ್ಜರಿ ರಿಯಾಯಿತಿ ಮಾರಾಟ ನಡೆಯುವ ಬ್ಲ್ಯಾಕ್ ಫ್ರೈಡೇ ದಿನ. ಒಂದು ಜಾಕೆಟ್ ತಯಾರಿಸಲು 135 ಲೀಟರ್ ನೀರು ಬೇಕಾಯಿತು ಅನ್ನುವುದನ್ನೂ ಹೇಳಿತ್ತು. ಅದನ್ನು ಹಾಕಿಸಿದ್ದು ವ್ಯಾಪಾರ ಮಾಡುವ ಕಂಪನಿಯೇ, ನಿಜ. ಆದರೂ ಅದನ್ನು ನೋಡಿದ ಮೇಲೆ ಏನಾದರೂ ಕೊಳ್ಳುವ ಮೊದಲು ಒಂದು ವಾರ ಕಾಯುವುದು ನನಗೆ ರೂಢಿಯಾಗಿದೆ. ಎಷ್ಟೋ ಸಲ ಅಷ್ಟರಲ್ಲಿ ಆಸೆಯೇ ಹೋಗಿರುತ್ತದೆ. ನಿಮಗೆ ಬಂದ ಕಣ್ಣೀರು ಸುಳ್ಳಲ್ಲ. ಆ ಹೊತ್ತಿನಲ್ಲಿ ಯಾರು ನೆನಪಾದರು ನೋಡಿ, ಅವರಿಗೆ ಫೋನ್ ಮಾಡಿ. ಸಾಮಾನು ಕೊಳ್ಳಲೇಬೇಕು ಅಂತೇನಿಲ್ಲವಲ್ಲ.

ಉತ್ತರ 4:
ಮೇಲಿನವರೆಲ್ಲ ಒಳ್ಳೆಯ ಮಾತೇ ಹೇಳಿದ್ದಾರೆ. ಆದರೆ ಓದಿದ್ದನ್ನೆಲ್ಲ ಕೂಡಲೇ ಕೆಲಸಕ್ಕೆ ಹಚ್ಚಲೇಬೇಕು ಅಂದರೆ ನಾನು ಒಪ್ಪುವುದಿಲ್ಲ. ನಾನು ಒಂದೇ ಕಾದಂಬರಿಯನ್ನು ಮತ್ತೆ ಮತ್ತೆ ಓದುತ್ತೇನೆ, ಬರೀ ಇಷ್ಟಕ್ಕೆ. ಮೊದಲ ಸಲ ಓದಿದಾಗ ಅದರಲ್ಲಿನ ಜಿಪುಣ ತಂದೆಯನ್ನು ಕಂಡರೆ ಮೈ ಉರಿಯುತ್ತಿತ್ತು. ಮೊನ್ನೆ ಓದುವಾಗ ಅವನು ರಾತ್ರಿ ಒಬ್ಬನೇ ಕೂತು ಸಾಲದ ಲೆಕ್ಕ ಹಾಕುವ ಪುಟ ಬಂತು. ಅದನ್ನು ದಾಟಿ ಮುಂದೆ ಹೋಗಲು ತುಂಬ ಹೊತ್ತು ಹಿಡಿಯಿತು.